ಆನೆಗೊಂದಿ ಕಡೆ ಗದ್ದಿ ಹೋಂಸ್ಟೇಗೆ ಲೀಸ್ ಕೊಟ್ಟವರು ಯಾರಾದ್ರೂ ಅದೀರೇನ್ರಿ?

ಗದ್ದಿ ಗೌಡ:
ಆನೆಗೊಂದಿ ಹತ್ರ ನಮ್ಮದು ಕಾಲುವಿ ನೀರಿನ ಗದ್ದಿ, ಸೋನಾ ಮಸೂರಿ ಬೆಳಿತೀವಿ. ಮಗ ಗಂಗಾವತ್ಯಾಗ ಡಿಗ್ರಿ ಮುಗಿಸಿ ಬಂದಾನ. ರಸ್ತಿ ಕಡಿ ಅರ್ಧ ಎಕರೆ ಲೀಸಿಗೆ ಕೊಡೋಣ, ಹೊರಗಿನವರು ಗುಡಿಸಲು ಹಾಕಿ ಹೋಂಸ್ಟೇ ನಡಸ್ತಾರ ಅಂತ ಒಂದೇ ಹಟ. ರೊಕ್ಕ ಐತಿ, ಇಲ್ಲ ಅನ್ನಂಗಿಲ್ಲ. ಶನಿವಾರ ಅಂಜನಾದ್ರಿ ಕೆಳಗ ಟ್ರ್ಯಾಕ್ಟರ್ ತಿರುಗಿಸಾಕ ಜಾಗ ಇರಂಗಿಲ್ಲ, ಅಷ್ಟು ಮಂದಿ. ನಮ್ಮೂರ ಹುಡುಗರು ಆಟೋ, ಹರಿಗೋಲು, ಬೈಕ್ ಬಾಡಿಗಿ ಹಿಡದಾರ. ನಾಟಿಗೆ ಬ್ಯಾರೆ ಊರಿಂದ ಟಂಟಂ ತುಂಬ ಹೆಣ್ಣಾಳು ಕರಸಬೇಕು. ಗದ್ದಿ ಲಾಭ ಅಲ್ಲೇ ಹೋಗತೈತಿ. ಆದ್ರೂ ಕೈ ಬರವಲ್ದು. ಹೊಳಿ ನಡುವಿನ ವಿರೂಪಾಪುರ ಗಡ್ಡ್ಯಾಗ ರೆಸಾರ್ಟ್ ಕೆಡವಿದ ಕಥಿ ಕಣ್ಣಾರೆ ನೋಡೇವಿ.

ಹಳೇ ಅಡುಗಿಯಂವ:
ಗೌಡ್ರ, ನಾ ಆ ಗಡ್ಡ್ಯಾಗಿನ ರೆಸಾರ್ಟಿನ್ಯಾಗ ಅಡುಗಿ ಮಾಡ್ತಿದ್ದೆ. 1988ರ ಅಧಿಸೂಚನೆಯೊಳಗೇ ಗಡ್ಡಿ ಸಂರಕ್ಷಿತ ಪ್ರದೇಶ ಆಗಿತ್ತು. ರೆಸಾರ್ಟಿನವರು ಪಂಚಾಯ್ತಿ ಲೈಸೆನ್ಸ್ ಗ್ವಾಡಿಗೆ ತೂಗುಹಾಕಿದ್ರು, ಕೋರ್ಟಿನ್ಯಾಗ ಅದು ನಡೀಲಿಲ್ಲ. 2020ರ ಫೆಬ್ರವರಿಗೆ ಸುಪ್ರೀಂ ಕೋರ್ಟ್ ತೀರ್ಪು, ಮಾರ್ಚಿಗೆ ಜೆಸಿಬಿ, ಹಿಂದ ಕೊರೊನಾ. ಹೊಲದವರಿಗೆ ಹೊಲ ಉಳೀತು, ನಮ್ಮಂಥವರಿಗೆ ಅದೂ ಇಲ್ಲ.
ಮೊದಲು ಹಂಪಿ ಪಾರಂಪರಿಕ ಪ್ರದೇಶ ನೋಡಿಕೊಳ್ಳೋ ಹಂಪಿ ಪ್ರಾಧಿಕಾರಕ್ಕ ಹೋಗಿ ನಿಮ್ಮ ಸರ್ವೆ ನಂಬರ್ ಯಾವ ವಲಯದಾಗ ಐತಿ ಕೇಳ್ರಿ. ಅನುಮತಿ ಬರವಣಿಗ್ಯಾಗ ಬರ್ಲಿ. ನಾಳೆ ತೆರವು ಅಂದ್ರ ತಳಪಾಯ ಯಾರು ಕಿತ್ತು ಒಯ್ಯಬೇಕು, ಅದನ್ನ ಕರಾರಿನ್ಯಾಗ ಬರಸ್ರಿ. ಸಿಮೆಂಟ್ ಬಿದ್ದ ಗದ್ದಿ ಮತ್ತ ಗದ್ದಿ ಆಗೂದು ಕಷ್ಟ.

ಬಾಳಿನಾರು ಅಕ್ಕ:
ಅಣ್ಣಾರ, ಲೀಸ್ ಬ್ಯಾಡ. ಮನ್ಯಾಗ ಖೋಲಿ ಖಾಲಿ ಇದ್ರ ಅದನ್ನೇ ಬಾಡಿಗಿ ಕೊಡ್ರಿ. ಅದಕ್ಕೂ ಪರವಾನಗಿ ಬೇಕು ಮತ್ತ. ಆದ್ರ ನಿಮ್ಮ ಮಗಗ ಒಂದು ಮಾತು ಕೇಳ್ರಿ: ಚಾದರ ಒಗೆಯೋರು ಯಾರು, ಮುಂಜಾನೆ ಮಂಡಾಳ ಒಗ್ಗರಣಿ ಮಾಡೋರು ಯಾರು? ರೊಕ್ಕ ಗಂಡಸರ ಫೋನ್‌ಪೇಗೆ, ಕೆಲಸ ನಮ್ಮ ತಲಿಗೆ. ಇದನ್ನ ಯಾರೂ ಲೆಕ್ಕಕ್ಕ ಹಿಡ್ಯಂಗಿಲ್ಲ.
ನಾವು ಬಾಳಿ ನಾರಿನ ಚೀಲ, ಚಾಪಿ ಮಾಡ್ತೀವಿ. ಅಕ್ಟೋಬರದಿಂದ ಫೆಬ್ರವರಿತನ ಪ್ರವಾಸಿಗರ ವ್ಯಾಪಾರ. ಬ್ಯಾಸಗಿಗೆ ಈ ಬಂಡಿಗಲ್ಲಿನ ಬಿಸಿಲಾಗ ಯಾರು ಬರ್ತಾರ? ಅವಾಗ ಹೊರಗಿನ ಅಂಗಡಿ ಆರ್ಡರ್ ಇದ್ರಷ್ಟೇ ಕೂಲಿ.

ಹರಿಗೋಲು ಹುಡುಗ:
ಅಕ್ಕ ಹೇಳಿದ್ದು ಖರೆ. ಮಳಿಗಾಲದಾಗ ಡ್ಯಾಮಿನಿಂದ ಹೊಳಿಗೆ ನೀರು ಬಿಟ್ರ ನಮ್ಮದೂ ಬಂದ್. ಆವಾಗ ನಾನೂ ಗದ್ದಿ ಕೆಲಸಕ್ಕೇ ಹೋಗೋದು. ಗದ್ದಿ ಇಟಗೊಳ್ರಿ ಕಾಕಾ.

ಗದ್ದಿ ಗೌಡ:
ಎಲ್ಲಾ ಮಗಗ ಓದಿ ಹೇಳಿದೆ. ಚಾದರದ ಮಾತಿಗೆ ಅವರವ್ವ ಒಳಗಿಂದ ನಕ್ಕಳು. "ಹಂಗಾರ ಬೈಕ್ ಬಾಡಿಗಿಗೆ ಇಡ್ತೀನಿ" ಅಂತ ಹೊಸಾ ರಾಗ ತಗದಾನ. ಅದಕ್ಕ ಆರ್‌ಟಿಒ ಕಡಿಂದ ಏನೇನು ಬೇಕು, ಮಾಡಿದವರು ಹೇಳ್ರಿ.