ಸ್ಮಾರ್ಟ್ ಕನ್ನಡಿ: ಪೈ 3 ತೆಗೆದು ಪೈ 4 ಹಾಕಿದರೂ ಅಕ್ಷರ ಮಂಕು. ಪೈ 5 ತಗೋಬೇಕಾ?

ತುಂಗಾತೀರ (ತೀರ್ಥಹಳ್ಳಿ) – ಜೂನ್ 9, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಇದರ ಹಿಂದೆ ಬಿದ್ದು ಸಾಕಾಗಿ ಹೋಗಿದೆ.

ಮನೆ ಜಗಲಿಗೆ ಒಂದು ಸ್ಮಾರ್ಟ್ ಕನ್ನಡಿ ಮಾಡಿದ್ದೇನೆ. ಕನ್ನಡಿ ಗಾಜಿನ ಹಿಂದೆ ಒಂದು ಪರದೆ, ಅದನ್ನು ನಡೆಸೋಕೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್. ಮ್ಯಾಜಿಕ್‌ಮಿರರ್ ಸಾಫ್ಟ್‌ವೇರ್. ಗಡಿಯಾರ, ಮಳೆ, ಬೆಳಗಿನ ಬಸ್ಸಿನ ಟೈಮು, ಅಪ್ಪನಿಗೋಸ್ಕರ ಅಡಿಕೆ ರೇಟು. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ನಾಲ್ಕೂ ಬಗೆ ಸಾಲಾಗಿ ಬರುತ್ತವೆ. ಆದರೆ ಅಪ್ಪ ಕೂರುವ ಕಡೆಯಿಂದ ನೋಡಿದರೆ ಅಕ್ಷರ ಮಂಕೋ ಮಂಕು. ಸಂಜೆ ಹೊತ್ತು ಎರಡು ಮೂರು ಸಲ ತಾನಾಗೇ ರೀಸ್ಟಾರ್ಟ್ ಬೇರೆ ಆಗುತ್ತೆ.

ಮೊದಲು ಪೈ 3 ಇತ್ತು. ಅಂಗಡಿಯವರು ಅದು ಸಾಲದು ಅಂದರು. ಪೈ 4 ತಂದೆ, 2 ಜಿಬಿ. ಈಗಲೂ ಅದೇ ಕಥೆ. ಪೈ 5ಕ್ಕೆ ಹೋಗಲಾ, ಮಿನಿ ಪಿಸಿ ತಗೊಳ್ಳಲಾ? ಇನ್ನು ಸುಮ್ನೆ ದುಡ್ಡು ಸುರಿಯೋಕೆ ಆಗಲ್ಲ. ದಯವಿಟ್ಟು ಸರಿಯಾಗಿ ಹೇಳಿ.

ಸೋಲ್ಡರ್_ಸಾಗರ – ಜೂನ್ 9, ರಾತ್ರಿ 10:31

ಅಡಾಪ್ಟರ್ ಯಾವುದು? ಮೊಬೈಲ್ ಚಾರ್ಜರ್ ಹಾಕಿದ್ದೀರಾ ಅಂತ ನನಗೆ ಅನುಮಾನ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪರದೆ ಮೇಲೆ ಮಿಂಚಿನ ಗುರುತು ಬರುತ್ತೆ. ಬಂದಿದೆಯಾ ನೋಡಿ.

ತುಂಗಾತೀರ – ಜೂನ್ 9, ರಾತ್ರಿ 10:40

ಹೌದು ಸರ್, ಮೊಬೈಲ್ ಚಾರ್ಜರೇ. ಮಿಂಚಿನ ಗುರುತು ಆಗಾಗ ಬರುತ್ತೆ. ಹವಾಮಾನದ ಚಿತ್ರ ಅಂದುಕೊಂಡಿದ್ದೆ.

ಸೋಲ್ಡರ್_ಸಾಗರ – ಜೂನ್ 9, ರಾತ್ರಿ 10:44

ಸಿಕ್ಕಿತಲ್ಲ. ಅದೇ ಕಾರಣ. ಪೈಗೆ ಅಂತಲೇ ಬರುವ ಅಡಾಪ್ಟರ್ ತನ್ನಿ, ಎಲ್ಲಾ ಸರಿ ಹೋಗುತ್ತೆ.

ಬಿದನೂರು_ಬೈಟ್ಸ್ (ಹೊಸನಗರ) – ಜೂನ್ 10, ಬೆಳಗ್ಗೆ 6:55

ರೀಸ್ಟಾರ್ಟ್‌ಗೆ ಅಡಾಪ್ಟರ್ ಕಾರಣ ಇರಬಹುದು, ಒಪ್ಪುತ್ತೇನೆ. ಆದರೆ ಅಕ್ಷರ ಮಂಕಾಗೋದಕ್ಕೂ ಪೈ ಅಡಾಪ್ಟರ್‌ಗೂ ಏನು ಸಂಬಂಧ? ಪರದೆಗೆ ಬೇರೆ ಕರೆಂಟ್ ಹೋಗುತ್ತಲ್ವಾ? ತುಂಗಾತೀರ ಅವರೇ, ಪರದೆ ಯಾವುದು ಅಂತ ನೀವು ಹೇಳಲೇ ಇಲ್ಲ.

ಸೋಲ್ಡರ್_ಸಾಗರ – ಜೂನ್ 10, ಬೆಳಗ್ಗೆ 8:20

ಬಿದನೂರು ಅವರೇ, ಹತ್ತು ವರ್ಷದಿಂದ ಪೈ ಜೊತೆ ಕೆಲಸ ಮಾಡುತ್ತಿದ್ದೇನೆ. ವೋಲ್ಟೇಜ್ ಸರಿ ಇಲ್ಲದಿದ್ದರೆ ಏನು ಬೇಕಾದರೂ ಆಗುತ್ತೆ. ಮೊದಲು ಅದನ್ನು ಸರಿ ಮಾಡಲಿ, ಉಳಿದದ್ದು ಆಮೇಲೆ.

ಪೈಪ್ರೇಮಿ (ಭದ್ರಾವತಿ) – ಜೂನ್ 10, ಬೆಳಗ್ಗೆ 9:02

ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ ಹಾಕಿದರೆ ಆಗಲ್ವಾ? ಅದರಲ್ಲೂ ಟೈಪ್-ಸಿ ಇದೆ.

ಸೋಲ್ಡರ್_ಸಾಗರ – ಜೂನ್ 10, ಬೆಳಗ್ಗೆ 9:10

ಬೇಡ. ಅದು 20 ವೋಲ್ಟ್ ಕೊಡುತ್ತೆ, ಪೈ ಸುಟ್ಟು ಹೋಗುತ್ತೆ.

ಬಿದನೂರು_ಬೈಟ್ಸ್ – ಜೂನ್ 10, ಬೆಳಗ್ಗೆ 9:34

ಇಲ್ಲ ಸರ್, ಇದು ತಪ್ಪು. ಎದುರಿನ ಸಾಧನ ಕೇಳಿದರೆ ಮಾತ್ರ ಆ ಚಾರ್ಜರ್ 20 ವೋಲ್ಟ್ ಕೊಡೋದು. ಪೈ 4 ಕೇಳೋದೇ ಇಲ್ಲ, ಹಾಗಾಗಿ 5 ವೋಲ್ಟೇ ಬರುತ್ತೆ. ಮೊದಲ ಬ್ಯಾಚಿನ ಪೈ 4 ಬೋರ್ಡ್‌ಗಳಲ್ಲಿ ಬೇರೆ ತೊಂದರೆ ಇತ್ತು. ಟೈಪ್-ಸಿ ಸರ್ಕ್ಯೂಟ್‌ನಲ್ಲಿ ಒಂದು ರೆಸಿಸ್ಟರ್ ಕಮ್ಮಿ. ಲ್ಯಾಪ್‌ಟಾಪಿನ ದಪ್ಪ ಕೇಬಲ್‌ಗಳಲ್ಲಿ ಚಿಪ್ ಇರುತ್ತಲ್ಲ, ಅಂಥದ್ದು ಹಾಕಿದರೆ ಬೋರ್ಡ್ ಆನೇ ಆಗುತ್ತಿರಲಿಲ್ಲ. ಸುಡುವ ಮಾತೇ ಇಲ್ಲ. ಜನ ಹೆದರಿ ಬಿಡ್ತಾರೆ, ಅದಕ್ಕೇ ಹೇಳಿದೆ.

ಸೋಲ್ಡರ್_ಸಾಗರ – ಜೂನ್ 10, ಬೆಳಗ್ಗೆ 9:50

ಬೇರೆಯವರ ಬೋರ್ಡ್ ವಿಷಯದಲ್ಲಿ ನಾನು ಧೈರ್ಯ ಮಾಡಲ್ಲ. ಪೈ ಅಡಾಪ್ಟರ್ ತಗೊಳ್ಳಿ ಅಂತಲೇ ಹೇಳೋದು.

ಮಂಡಗದ್ದೆ_ಮಧ್ಯಾಹ್ನ – ಜೂನ್ 10, ಮಧ್ಯಾಹ್ನ 1:15

ಪೈ ಯಾಕೆ ಬೇಕು ಅಂತ ನನ್ನ ಪ್ರಶ್ನೆ. ನಮ್ಮನೆ ಕನ್ನಡಿಗೆ ಹಳೇ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹಾಕಿದ್ದೇನೆ, ಬ್ಯಾಟರಿ ಸಮೇತ. ಕರೆಂಟ್ ಹೋದರೆ ಚಿಂತೆಯೇ ಇಲ್ಲ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ. ಫ್ರೇಮ್ ಸಾಗರದ ಗುಡಿಗಾರರೊಬ್ಬರು ಕೈಯಲ್ಲೇ ಕೆತ್ತಿ ಕೊಟ್ಟರು. ಶಿವನಿ ಮರ, ಸುತ್ತ ಬಳ್ಳಿ, ಮೇಲೆ ಗಂಡಭೇರುಂಡ. ಬಂದವರೆಲ್ಲ ಮೊದಲು ಫ್ರೇಮ್ ಮುಟ್ಟಿ ನೋಡುತ್ತಾರೆ. ಸಂಜೆ ಫೋಟೊ ಹಾಕುತ್ತೇನೆ.

ಪೈಪ್ರೇಮಿ – ಜೂನ್ 10, ಮಧ್ಯಾಹ್ನ 1:40

ಫೋಟೊ ಬೇಕೇ ಬೇಕು. ಕೆತ್ತನೆಗೆ ಎಷ್ಟು ದಿನ ತಗೊಂಡರು?

ಮಂಡಗದ್ದೆ_ಮಧ್ಯಾಹ್ನ – ಜೂನ್ 10, ಮಧ್ಯಾಹ್ನ 2:05

ಹೆಚ್ಚುಕಮ್ಮಿ ಎರಡು ತಿಂಗಳು. ಅವಸರ ಮಾಡಲಿಲ್ಲ ನಾನು. ಅವರ ಕೈಕೆಲಸ ನೋಡೋದೇ ಒಂದು ಖುಷಿ.

ತುಂಗಾತೀರ – ಜೂನ್ 13, ಸಂಜೆ 7:30

ಶಿವಮೊಗ್ಗಕ್ಕೆ ಹೋಗಿ ಪೈ ಅಡಾಪ್ಟರ್ ತಂದೆ. ರೀಸ್ಟಾರ್ಟ್ ನಿಂತಿದೆ. ಮಿಂಚಿನ ಗುರುತೂ ಇಲ್ಲ. ಸೋಲ್ಡರ್ ಸರ್‌ಗೆ ತುಂಬಾ ಥ್ಯಾಂಕ್ಸ್. ಆದರೆ ಅಕ್ಷರ ಹಾಗೇ ಮಂಕಾಗಿದೆ. ಅಪ್ಪ ಇವತ್ತೂ ಎದ್ದು ಬಂದು ಕನ್ನಡಿಗೆ ಮುಖ ಹಚ್ಚಿ ರೇಟು ಓದಿದರು. ಅವರಿಗೆ ಮಂಡಿನೋವು. ಕೂತಲ್ಲೇ ಕಾಣಲಿ ಅಂತಲೇ ಇದನ್ನು ಮಾಡಿದ್ದು. ನೋಡಿ ಬೇಜಾರಾಯಿತು.

ಸೋಲ್ಡರ್_ಸಾಗರ – ಜೂನ್ 13, ಸಂಜೆ 7:42

ಪೈಗೆ ಕರೆಂಟ್ ಸರಿಯಾಗಿ ಸಿಗುತ್ತಿದೆಯಾ ಅಂತ ತೋರಿಸುವ ಥ್ರಾಟಲ್ ಕಮಾಂಡ್ (vcgencmd get_throttled) ಹಾಕಿದಿರಾ? ಸೊನ್ನೆ ಬರಬೇಕು. ಸೊನ್ನೆ ಬರದಿದ್ದರೆ ವೋಲ್ಟೇಜ್ ತೊಂದರೆಯೋ ಶಾಖದ ತೊಂದರೆಯೋ ಆಗಿದೆ ಅಂತ ಅರ್ಥ.

ತುಂಗಾತೀರ – ಜೂನ್ 13, ಸಂಜೆ 7:50

ಸೊನ್ನೆಯೇ ಬರುತ್ತಿದೆ.

ಬಿದನೂರು_ಬೈಟ್ಸ್ – ಜೂನ್ 13, ರಾತ್ರಿ 8:25

ಈಗಲಾದರೂ ಪರದೆ ವಿಷಯಕ್ಕೆ ಬರೋಣ. ನಾಲ್ಕು ಪ್ರಶ್ನೆ. ಪರದೆ ಎಲ್ಲಿಂದ ತೆಗೆದದ್ದು? ಅಡ್ಡ ಹಾಕಿದ್ದೀರಾ, ಉದ್ದ ನಿಲ್ಲಿಸಿದ್ದೀರಾ? ಮುಂದಿನ ಗಾಜು ಯಾವುದು? ಅಪ್ಪ ಕನ್ನಡಿಯ ಯಾವ ಪಕ್ಕಕ್ಕೆ ಕೂರುತ್ತಾರೆ?

ತುಂಗಾತೀರ – ಜೂನ್ 13, ರಾತ್ರಿ 9:05

ತಂಗಿಯ ಹಳೇ ಲ್ಯಾಪ್‌ಟಾಪಿನ 15.6 ಇಂಚಿನ ಪರದೆ. ಅದನ್ನು ಪೈಗೆ ಜೋಡಿಸುವ ಕಂಟ್ರೋಲರ್ ಬೋರ್ಡ್ ಆನ್‌ಲೈನಿನಲ್ಲಿ ತರಿಸಿದೆ. ಉದ್ದಕ್ಕೇ ನಿಲ್ಲಿಸಿದ್ದೇನೆ, ಕನ್ನಡಿ ಅಂದಮೇಲೆ ಉದ್ದವೇ ಅಲ್ವಾ. ಗಾಜು ಮಾಮೂಲಿ, ಮೇಲೆ ಕಿಟಕಿಗೆ ಅಂಟಿಸುವ ಒನ್-ವೇ ಫಿಲ್ಮ್. ಅಪ್ಪನ ಈಸಿಚೇರ್ ಇರೋದು ಕನ್ನಡಿಯ ಎಡಕ್ಕೆ.

ಬಲಗಡೆ ನಿಂತರೆ ಅಕ್ಷರ ಚೆನ್ನಾಗೇ ಕಾಣುತ್ತೆ. ಆದರೆ ಹಿಂದಿನ ಕಪ್ಪು ಬೂದು ಬಣ್ಣಕ್ಕೆ ತಿರುಗಿ ಕನ್ನಡಿ ತೊಳೆಯದ ಹಾಗೆ ಕಾಣುತ್ತೆ.

ಬಿದನೂರು_ಬೈಟ್ಸ್ – ಜೂನ್ 13, ರಾತ್ರಿ 9:38

ಇದನ್ನು ಮೊದಲ ದಿನವೇ ಬರೆದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಇರಲಿ ಬಿಡಿ.

ನಿಮ್ಮ ಪೈನಲ್ಲಿ ತೊಂದರೆ ಇಲ್ಲ. ಈ ಕೆಲಸಕ್ಕೆ ಪೈ 3 ಕೂಡ ಸಾಕಿತ್ತು. ಆ ಕಾಲದ ಕಮ್ಮಿ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದದ್ದು ಜಾಸ್ತಿ ಟಿಎನ್ ಅನ್ನೋ ಅಗ್ಗದ ಬಗೆಯ ಪ್ಯಾನಲ್, ಅಂದರೆ ಪರದೆ. ಅದನ್ನು ಕೆಳಗಿನಿಂದ ನೋಡಿದರೆ ಮಂಕಾಗುತ್ತೆ, ಮೇಲಿನಿಂದ ನೋಡಿದರೆ ಬೆಳ್ಳಗಾಗುತ್ತೆ. ಎಡಬಲದಿಂದ ಅಷ್ಟು ತೊಂದರೆ ಇಲ್ಲ. ಲ್ಯಾಪ್‌ಟಾಪ್ ಮುಚ್ಚಳವನ್ನು ನಮಗೆ ಬೇಕಾದ ಕೋನಕ್ಕೆ ತಿರುಗಿಸಿಕೊಳ್ಳುತ್ತೇವೆ, ಹಾಗಾಗಿ ಗೊತ್ತಾಗಲ್ಲ. ನೀವು ಉದ್ದ ನಿಲ್ಲಿಸಿದಾಗ ಅದರ ಮೇಲು-ಕೆಳಗು ಹೋಗಿ ಎಡ-ಬಲ ಆಯಿತು. ಅಪ್ಪ ಕೂತಿರೋದು ಪ್ಯಾನಲ್ಲಿನ ಕೆಳಗಡೆಗೆ, ನೀವು ನಿಲ್ಲೋದು ಮೇಲ್ಗಡೆಗೆ. ನೆಟ್ಟಗೆ ಎದುರು ನಿಂತರೂ ಎರಡು ಕಣ್ಣಿಗೆ ಎರಡು ಥರ ಕಂಡು ತಲೆನೋವು ಬರುತ್ತೆ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಇಡೀ ಫ್ರೇಮನ್ನು ತಲೆಕೆಳಗು ಮಾಡಿ ನೇತು ಹಾಕಿ. ಅಕ್ಷರ ತಲೆಕೆಳಗಾಗಿ ಕಂಡರೆ ಕಾಣಲಿ. ಮಂಕು ಬಲಗಡೆಗೆ ಹೋಯಿತಾ ಅಂತ ಮಾತ್ರ ನೋಡಿ.

ಕೌಲೇದುರ್ಗ_ಕೋಡರ್ – ಜೂನ್ 13, ರಾತ್ರಿ 10:15

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಂದೂ ಕನ್ನಡಿಯೇ. ಯಾರಾದರೂ ಎದುರು ಬಂದಾಗ ಮಾತ್ರ ಆನ್ ಆಗಲಿ ಅಂತ ಪಿಐಆರ್ ಸೆನ್ಸರ್ ಹಾಕಿದೆ. ಮೇಜಿನ ಮೇಲೆ ಕೆಲಸ ಮಾಡುತ್ತೆ, ಗಾಜಿನ ಹಿಂದೆ ಇಟ್ಟರೆ ಸತ್ತ ಹಾಗೆ ಇರುತ್ತೆ. ಎರಡು ಸೆನ್ಸರ್ ಬದಲಾಯಿಸಿದೆ.

ಬಿದನೂರು_ಬೈಟ್ಸ್ – ಜೂನ್ 13, ರಾತ್ರಿ 10:28

ಎರಡೂ ಚೆನ್ನಾಗೇ ಇರುತ್ತವೆ, ಬಿಸಾಡಬೇಡಿ. ಪಿಐಆರ್ ನೋಡೋದು ಮೈಯ ಶಾಖವನ್ನು. ಆ ಕಿರಣ ಗಾಜು ದಾಟಲ್ಲ. ಫ್ರೇಮಿನ ಕೆಳಗಿನ ಪಟ್ಟಿಗೆ ತೂತು ಹೊಡೆದು ಸೆನ್ಸರಿನ ಬಿಳಿ ಗುಮ್ಮಟವನ್ನು ಹೊರಗೆ ಇಡಿ. ತೂತು ಬೇಡ ಅಂದರೆ ಮರದ ಪಟ್ಟಿಯ ಹಿಂದೆ ಸಣ್ಣ ರೇಡಾರ್ ಸೆನ್ಸರ್ ಇಡಬಹುದು. ಕನ್ನಡಿ ಫಿಲ್ಮ್ ಹಿಂದೆ ಮಾತ್ರ ಬೇಡ, ಅದರಲ್ಲಿ ಲೋಹದ ಲೇಪ ಇರುತ್ತೆ.

ತುಂಗಾತೀರ – ಜೂನ್ 14, ಬೆಳಗ್ಗೆ 7:10

ಮಾಡಿದೆ. ನಾನೂ ತಂಗಿಯೂ ಸೇರಿ ಫ್ರೇಮ್ ಇಳಿಸಿದೆವು. ಕೆಳಗಿನ ಪಟ್ಟಿಗೆ ಎರಡು ಮೊಳೆ ಹೊಡೆದು, ಹುರಿ ಕಟ್ಟಿ, ತಲೆಕೆಳಗು ನೇತು ಹಾಕಿದೆವು. ತಂಗಿ ಅಪ್ಪನ ಕುರ್ಚಿಯಲ್ಲಿ ಕೂತಳು. "ಅಣ್ಣಾ, ರಾಶಿ ಕಾಣ್ತಿದೆ, ಬೆಟ್ಟೆ ಕಾಣ್ತಿದೆ, ಆದರೆ ಉಲ್ಟಾ" ಅಂದಳು. ನಾನು ಬಲಗಡೆ ನಿಂತಿದ್ದೆ. ನನಗೆ ಏನೂ ಕಾಣಲಿಲ್ಲ. ಒಂದೊಂದೇ ಹೆಜ್ಜೆ ನಡುವಿಗೆ ಬಂದ ಹಾಗೆ ಅಕ್ಷರ ಬೆಳಗುತ್ತಾ ಬಂತು.

ಪ್ಯಾನಲ್ ಹಿಂದೆ ಇನ್ನೊಂದು ಕಂಡಿತು. ಹಿಂಬದಿಯ ಪ್ಲೈವುಡ್‌ಗೆ ಬೂಸ್ಟು. ಹಾಕಿ ತಿಂಗಳೂ ಆಗಿಲ್ಲ, ಮಳೆ ಈಗ ತಾನೇ ಶುರುವಾಗಿದೆ. ಮೂಲೆಯಲ್ಲಿ ಬೆಳ್ಳಗೆ ಹತ್ತಿಯ ಥರ ಹಬ್ಬಿದೆ, ಕಂಟ್ರೋಲರ್ ಬೋರ್ಡಿನಿಂದ ಎರಡು ಬೆರಳು ದೂರದಲ್ಲಿ.

ಯಾವ ಕಡೆಯಿಂದ ನೋಡಿದರೂ ಅಷ್ಟಾಗಿ ಮಂಕಾಗದ ಐಪಿಎಸ್ ಬಗೆಯ ಪ್ಯಾನಲ್ ತರಿಸಿದರೆ ಈಗಿರುವ ಬೋರ್ಡೇ ಆಗುತ್ತಾ?

ಸೋಲ್ಡರ್_ಸಾಗರ – ಜೂನ್ 14, ಬೆಳಗ್ಗೆ 7:45

ಒಪ್ಪಿದೆ, ಮಂಕಿಗೆ ಕಾರಣ ಪ್ಯಾನಲ್ಲೇ. ರೀಸ್ಟಾರ್ಟ್‌ಗೆ ನಾನು ಹೇಳಿದ್ದೂ ಸರಿ ಇತ್ತು.

ಬೋರ್ಡ್ ವಿಷಯ: ನಿಮ್ಮ ಹಳೇ ಪ್ಯಾನಲ್ 40 ಪಿನ್ನಿನ ಎಲ್‌ವಿಡಿಎಸ್ ಇರಬೇಕು. ಈಗ ಸಿಗುವ ಐಪಿಎಸ್ ಪ್ಯಾನಲ್‌ಗಳು ಹೆಚ್ಚಾಗಿ 30 ಪಿನ್ನಿನ ಇಡಿಪಿ, ಜೋಡಿಸುವ ರೀತಿಯೇ ಬೇರೆ. ಆ ಬೋರ್ಡ್ ಇದಕ್ಕೆ ಆಗಲ್ಲ. ಬಲವಂತವಾಗಿ ತುರುಕಬೇಡಿ. ಪ್ಯಾನಲ್ ಹಿಂದಿನ ಲೇಬಲ್‌ನಲ್ಲಿರುವ ಮಾಡೆಲ್ ನಂಬರ್ ಕೊಟ್ಟು ಅದಕ್ಕೆ ತಕ್ಕ ಬೋರ್ಡೇ ಕೇಳಬೇಕು.

ಬಿದನೂರು_ಬೈಟ್ಸ್ – ಜೂನ್ 14, ಬೆಳಗ್ಗೆ 8:30

ನನ್ನ ಕೇಳಿದರೆ ಪ್ಯಾನಲ್ಲೂ ಬೇಡ, ಬೋರ್ಡೂ ಬೇಡ. ಸೆಕೆಂಡ್ ಹ್ಯಾಂಡ್ ಐಪಿಎಸ್ ಮಾನಿಟರ್ ತಗೊಳ್ಳಿ, 22 ಇಂಚಿನದು. ಮೂರು ವಿಷಯ ಅಂಗಡಿಯಲ್ಲೇ ನೋಡಿ.

ಹೊರಗೆ ಅಡಾಪ್ಟರ್ ಇರುವ ಮಾನಿಟರ್ ಸಿಕ್ಕರೆ ಒಳ್ಳೆಯದು. ಒಳಗೇ ಪವರ್ ಸಪ್ಲೈ ಇದ್ದರೆ ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಕರೆಂಟ್ ಉಳಿದಿರುತ್ತೆ, ಬಿಚ್ಚುವಾಗ ಹೊಡೆಯಬಹುದು. ಎರಡನೆಯದು, ಎಚ್‌ಡಿಎಂಐ ಸಾಕೆಟ್ ಹಿಂದಕ್ಕೆ ನೆಟ್ಟಗೆ ಚಾಚಿದ್ದರೆ ಫ್ರೇಮ್ ದಪ್ಪ ಆಗುತ್ತೆ. ಮೂರನೆಯದನ್ನು ಬಯಲುಸೀಮೆಯವರು ಕೇಳೋದೇ ಇಲ್ಲ, ನಮಗೆ ಮಾತ್ರ ಅದು ಬೇಕೇ ಬೇಕು. ಆನ್ ಇರುವಾಗಲೇ ಗೋಡೆಯ ಪ್ಲಗ್ ಕಿತ್ತು ಮತ್ತೆ ಹಾಕಿ. ತಾನಾಗೇ ಆನ್ ಆಗಬೇಕು. ಕೆಲವು ಮಾನಿಟರ್‌ಗಳು ಬಟನ್ ಒತ್ತೋವರೆಗೂ ಸುಮ್ಮನಿರುತ್ತವೆ. ಆಷಾಢದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತೆ, ಅಷ್ಟು ಸಲ ಫ್ರೇಮ್ ಬಿಚ್ಚೋಕಾಗುತ್ತಾ?

ಪೈಯಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಪೈಯ ಸೆಟ್ಟಿಂಗ್ ಮೆನು ರಾಸ್ಪಿ-ಕಾನ್ಫಿಗ್‌ನಲ್ಲೇ ಇದೆ. ಎಸ್‌ಡಿ ಕಾರ್ಡಿಗೆ ಏನೂ ಬರೆಯಲ್ಲ. ಕರೆಂಟ್ ಹಠಾತ್ ಹೋದರೂ ಕಾರ್ಡ್ ಕೆಡಲ್ಲ. ಸೆಟ್ಟಿಂಗ್ ಬದಲಾಯಿಸುವಾಗ ಮಾತ್ರ ಆಫ್ ಮಾಡಿಕೊಳ್ಳಿ.

ಬೂಸ್ಟಿಗೆ: ಗೋಡೆಯಿಂದ ಒಂದು ಇಂಚು ಬಿಟ್ಟು ನೇತು ಹಾಕಿ. ಹಿಂಬದಿ ಹಲಗೆಗೆ ಮೇಲೆ-ಕೆಳಗೆ ತೂತು ಹೊಡೆಯಿರಿ. ಪೈ ಶಾಖಕ್ಕೆ ಗಾಳಿ ತಾನಾಗೇ ಕೆಳಗಿನಿಂದ ಮೇಲಕ್ಕೆ ಹೋಗುತ್ತೆ. ತೂತಿಗೆ ಸೊಳ್ಳೆಪರದೆ ತುಂಡು ಅಂಟಿಸಿ, ಇಲ್ಲದಿದ್ದರೆ ಹಲ್ಲಿ ಸಂಸಾರ ಹೂಡುತ್ತೆ.

ಪೈಪ್ರೇಮಿ – ಜೂನ್ 14, ಬೆಳಗ್ಗೆ 9:20

ಗಾಜಿನ ಬದಲು ಅಕ್ರಿಲಿಕ್ ಹಾಕಿ, ಹಗುರ. ಸುಲಭಕ್ಕೆ ಒಡೆಯೋದೂ ಇಲ್ಲ.

ಗಾಜಿನ_ಕೆಲಸ (ಶಿವಮೊಗ್ಗ) – ಜೂನ್ 14, ಬೆಳಗ್ಗೆ 11:00

ಮಲೆನಾಡಿನ ಮನೆಗೆ ಅಕ್ರಿಲಿಕ್ ಬೇಡ ಮಾರಾಯ್ರೆ. ಅದು ತೇವ ಹೀರುತ್ತೆ, ಬಿಸಿಲಿಗೆ ಹಿಗ್ಗುತ್ತೆ. ಎರಡು ಅಡಿ ಉದ್ದದ ಶೀಟ್ ಸ್ವಲ್ಪ ಡೊಂಕಾದರೂ ಮುಖ ಸೊಟ್ಟ ಕಾಣುತ್ತೆ. ನಾನು ಗಾಜು ಮಾರುವವನು ಅಂತ ಹೇಳುತ್ತಿಲ್ಲ. ವಾಪಸ್ ತಂದವರನ್ನು ನೋಡಿದ್ದೇನೆ.

ಇನ್ನೊಂದು ಮಾತು. ಕಿಟಕಿ ಫಿಲ್ಮ್ ಇರೋದು ಬಿಸಿಲು ತಡೆಯೋಕೆ. ಕೆಲವು ಫಿಲ್ಮ್ ನೂರಕ್ಕೆ 15 ಪಾಲು ಬೆಳಕನ್ನಷ್ಟೇ ಬಿಡುತ್ತವೆ. ಹಳೇ ಲ್ಯಾಪ್‌ಟಾಪ್ ಪರದೆಯ ಬೆಳಕು 200 ನಿಟ್ (ಬೆಳಕಿನ ಅಳತೆ) ಅಂತ ಇಟ್ಟುಕೊಂಡರೂ ಹೊರಗೆ ಬರೋದು 30. ಜಗಲಿ ಬೆಳಕಿಗೆ ಅದು ಏನೂ ಅಲ್ಲ. 250 ನಿಟ್ ಮಾನಿಟರ್ ಮುಂದೆ ನೂರಕ್ಕೆ 30 ಪಾಲು ಬಿಡುವ, ಕನ್ನಡಿ ಲೇಪದ ಗಾಜು ಹಾಕಿದರೆ 75 ಬರುತ್ತೆ. ಎರಡೂವರೆ ಪಟ್ಟು. ಪೈ 5ಕ್ಕೆ ಕೊಡುವ ದುಡ್ಡನ್ನು ಗಾಜಿಗೂ ಪರದೆಗೂ ಹಾಕಿ.

ಮಂಡಗದ್ದೆ_ಮಧ್ಯಾಹ್ನ – ಜೂನ್ 14, ಸಂಜೆ 6:12

ಫೋಟೊ ಹಾಕಿದ್ದೇನೆ, ನಾಲ್ಕು. ಎರಡನೆಯದರಲ್ಲಿ ಗಂಡಭೇರುಂಡದ ಕೊಕ್ಕು ಹತ್ತಿರದಿಂದ ನೋಡಿ. ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತೆ.

ಪೈಪ್ರೇಮಿ – ಜೂನ್ 14, ಸಂಜೆ 6:30

ಅಬ್ಬಾ, ಎಂಥಾ ಕೆಲಸ! ಅದಿರಲಿ, ನನ್ನ ಕನ್ನಡಿಯಲ್ಲಿ ಕನ್ನಡ ಎಲ್ಲಾ ಡಬ್ಬಿ ಡಬ್ಬಿ ಬರುತ್ತೆ. ನಿಮ್ಮದರಲ್ಲಿ ಇಷ್ಟು ಚೆನ್ನಾಗಿದೆಯಲ್ಲ, ಹೇಗೆ?

ಮಂಡಗದ್ದೆ_ಮಧ್ಯಾಹ್ನ – ಜೂನ್ 14, ಸಂಜೆ 6:41

ಫಾಂಟ್ ಇಲ್ಲ ಅಷ್ಟೇ. ಗುಬ್ಬಿ ಅಥವಾ ನವಿಲು ಹಾಕಿ, ಎರಡೂ ಡೆಬಿಯನ್ ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಲ್ಲೇ ಇವೆ. ಪೈಗೂ ಆಗುತ್ತವೆ. ನನಗೆ ನವಿಲು ಇಷ್ಟ.

ತುಂಗಾತೀರ – ಜೂನ್ 21, ರಾತ್ರಿ 8:50

ಶಿವಮೊಗ್ಗದಲ್ಲಿ 22 ಇಂಚಿನ ಐಪಿಎಸ್ ಮಾನಿಟರ್ ಸಿಕ್ಕಿತು. ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿದೆ. ಮೊದಲು ತೋರಿಸಿದ್ದು ಆನ್ ಆಗಲಿಲ್ಲ, ಎರಡನೆಯದು ಆಯಿತು. ಅದನ್ನೇ ತಂದೆ. ಪೈ 4 ಅದೇ ಇದೆ. ಹಳೇ ಪೈ 3 ತಂಗಿಗೆ ಕೊಟ್ಟೆ.

ಗಾಜು ಇನ್ನೂ ಹಾಕಿಲ್ಲ. ಬರೀ ಮಾನಿಟರನ್ನು ಬೆಂಚಿನ ಮೇಲೆ ಉದ್ದ ನಿಲ್ಲಿಸಿ ಗೋಡೆಗೆ ಒರಗಿಸಿದ್ದೇನೆ. ಅಪ್ಪ ಕುರ್ಚಿಯಿಂದ ಏಳದೆ ನಾಲ್ಕೂ ರೇಟು ಓದಿದರು. ಆಮೇಲೆ ಮಳೆ ಎಷ್ಟು ಬಂತು ಅಂತ ಓದಿ, "ಇದು ನಮ್ಮ ಊರಿನದ್ದಲ್ಲ, ಇಲ್ಲಿ ಇನ್ನೂ ಜಾಸ್ತಿ ಹೊಡೆದಿದೆ" ಅಂದರು.

ಗಾಜಿನ ಕೆಲಸದವರೇ, 4 ಎಂಎಂ ಸಾಕಾ, 6 ಬೇಕಾ? ಲೇಪದ ಮುಖ ಯಾವ ಕಡೆಗೆ ಬರಬೇಕು?

ಗಾಜಿನ_ಕೆಲಸ – ಜೂನ್ 22, ಬೆಳಗ್ಗೆ 10:05

4 ಸಾಕು. ಲೇಪದ ಮುಖ ಜನರ ಕಡೆಗೆ ಇರಲಿ. ಹಿಂದಕ್ಕೆ ಹಾಕಿದರೆ ಮುಖ ಎರಡೆರಡು ಕಾಣುತ್ತೆ. ಉಗುರನ್ನು ಗಾಜಿಗೆ ತಾಗಿಸಿ ನೋಡಿ. ಉಗುರಿಗೂ ಅದರ ಬಿಂಬಕ್ಕೂ ನಡುವೆ ಸಂದು ಇಲ್ಲದಿದ್ದರೆ ಅದೇ ಲೇಪದ ಮುಖ. ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಉಜ್ಜಬೇಡಿ. ಪರದೆ ಸುತ್ತ ಉಳಿಯುವ ಜಾಗಕ್ಕೆ ಹಿಂದಿನಿಂದ ಕಪ್ಪು ಕಾಗದ ಹಚ್ಚಿ. ಅಳತೆ ತರುವಾಗ ಫ್ರೇಮಿನ ಒಳಗಡೆಯಿಂದ ತಗೊಳ್ಳಿ, ಎಲ್ಲಾ ಕಡೆ 2 ಎಂಎಂ ಕಮ್ಮಿ ಮಾಡಿ. ಮಳೆಗಾಲದಲ್ಲಿ ಮರ ಉಬ್ಬುತ್ತೆ.