ಅಪ್‌ಡೇಟ್: ಕುಂಬಳೆಯ ನಮ್ಮ ಹುಡುಗರ ಪ್ರೆಸ್ಸಿಂಗ್

ಫುಟ್‌ಬಾಲ್‌ನಲ್ಲಿ ಪ್ರೆಸ್ಸಿಂಗ್ ಅಂದರೆ ಚೆಂಡು ಎದುರಾಳಿಯ ಹತ್ತಿರ ಇದ್ದಾಗ ಎಲ್ಲರೂ ಒಟ್ಟಿಗೆ ಮೇಲೆ ಬಿದ್ದು ಕಸಿಯಲು ನೋಡುವುದು. ನಾನು ಕಲಿಸುವ ಹದಿಮೂರು ವರ್ಷದೊಳಗಿನ ಹುಡುಗರು ಚೆಂಡು ಕಂಡರೆ ಒಬ್ಬೊಬ್ಬರೇ ನುಗ್ಗುತ್ತಾರೆ, ಹಿಂದೆಲ್ಲ ಖಾಲಿ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಪರವಾಗಿಲ್ಲ.

ಯಾವಾಗ ನುಗ್ಗಬೇಕು ಅನ್ನುವುದನ್ನೇ ಮೊದಲು ಕಲಿಸಿದೆ. ಎದುರಾಳಿಯ ಕಾಲಿಂದ ಚೆಂಡು ಜಾರಿದಾಗ, ಹಿಂದಕ್ಕೆ ಪಾಸ್ ಕೊಟ್ಟಾಗ, ಮೈದಾನದ ಅಂಚಿನ ಗೆರೆ ಪಕ್ಕ ಸಿಕ್ಕಿಬಿದ್ದಾಗ. ಗೆರೆಯದ್ದು ಬೇಗ ತಲೆಗೆ ಹತ್ತಿತು. ಆ ಕಡೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ, ಅಲ್ವಾ? ಮೊದಲನೆಯವನು ನೇರವಾಗಿ ಅಲ್ಲ, ಸ್ವಲ್ಪ ಬಳಸಿ ಓಡಿ ಮೈದಾನದ ಒಳಬದಿಯ ಪಾಸ್ ಮುಚ್ಚುತ್ತಾನೆ. ಪಕ್ಕದವನು ಹತ್ತಿರದ ಎದುರಾಳಿಗೆ ಪಾಸ್ ಸಿಗದ ಹಾಗೆ ಅವನನ್ನು ಕಾಯುತ್ತಾನೆ. ಹಿಂದಿನ ಸಾಲೂ ಮುಂದೆ ಬರುತ್ತದೆ. ಕಬಡ್ಡಿಯ ಸರಪಳಿ ಇದ್ದ ಹಾಗೆ ಅಂದ ಮೇಲೆ ಎಲ್ಲರಿಗೂ ಅರ್ಥವಾಯಿತು. ಕೋಚ್ ಯುರ್ಗನ್ ಕ್ಲಾಪ್ ಕಾಲದ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ವಿಡಿಯೋ ತೋರಿಸಿದ್ದಕ್ಕಿಂತ ನಾಲ್ಕು-ನಾಲ್ಕು ಜನರ ಚಿಕ್ಕ ಆಟವೇ ಜಾಸ್ತಿ ಉಪಯೋಗವಾಯಿತು.

ಇನ್ನೊಂದು ತಲೆನೋವು ಉಳಿದಿದೆ. ಎಲ್ಲರೂ ಮುಂದೆ ಬಂದರೂ ಗೋಲ್‌ಕೀಪರ್ ಮಾತ್ರ ಗೋಲಿಗೇ ಅಂಟಿಕೊಂಡಿರುತ್ತಾನೆ. ಅವನನ್ನು ಮುಂದೆ ತರುವುದು ಹೇಗೆ?