ಅಪ್‌ಡೇಟ್: ಒಳಗೆ ಇಟ್ಟ ಮಾತ್ರೆ ಬೆಳಿಗ್ಗೆ ಪುಡಿಯಾಗಿ ಹೊರಗೆ ಬರುತ್ತಿತ್ತು ಅಂದಿದ್ನಲ್ಲ

ತುರಿಕೆ, ಬಿಳಿ ಸೆರಗಿಗೆ ಕೊಟ್ಟ ಕ್ಲೋಟ್ರಿಮಜೋಲ್ (ಫಂಗಸ್ ಸೋಂಕಿನ ಔಷಧಿ) ಮಾತ್ರೆಯನ್ನು ರಾತ್ರಿ ಯೋನಿಯೊಳಗೆ ಇಟ್ಟರೆ ಬೆಳಿಗ್ಗೆ ಬಟ್ಟೆಗೆ ಬಿಳಿ ಪುಡಿ ಅಂಟುತ್ತದೆ, ಔಷಧಿ ವೇಸ್ಟ್ ಆಯ್ತಾ ಅಂತ ಕೇಳಿದ್ದೆ ಅಲ್ವಾ? ಇಲ್ಲೇ ರಾಯಚೂರಲ್ಲಿ ಡಾಕ್ಟರಮ್ಮನನ್ನು ಕೇಳಿದೆ. ಆಗಿಲ್ಲವಂತೆ. ಔಷಧಿ ಅಲ್ಲೇ ಕರಗಿ ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮಿಕ್ಕ ಪುಡಿ ಹೊರಗೆ ಬರುವುದು ಮಾಮೂಲು.

ಇದೇ ಸೋಂಕಿಗೆ ನುಂಗುವ ಫ್ಲುಕೊನಜೋಲ್ ಮಾತ್ರೆ ಯಾಕೆ ಕೊಡಲಿಲ್ಲ ಅಂದರೆ, ನಾನು ಬಸುರಿ. ಬಸುರಿಯರಿಗೆ ಸಾಮಾನ್ಯವಾಗಿ ಅದು ಬೇಡ ಅನ್ನುತ್ತಾರೆ. ಅಪ್ಲಿಕೇಟರ್ (ಮಾತ್ರೆಯನ್ನು ಒಳಗೆ ತಳ್ಳುವ ಕೊಳವೆ) ಬಿಟ್ಟು, ಕೈ ತೊಳೆದು ಬೆರಳಿನಿಂದಲೇ ಇಡಲು ಹೇಳಿದರು, ಅದೂ ಮಲಗುವ ಹೊತ್ತಿಗೆ. ಇಟ್ಟ ಮೇಲೆ ಓಡಾಡಿದರೆ ಸೋರುತ್ತದೆ. ಒಳಗೆ ಸೋಪು ಹಾಕಿ ತೊಳೆಯಬಾರದು. ನಮ್ಮತ್ತೆ ಹೇಳಿದ ಬೇವಿನ ನೀರೂ ಬೇಡ (ಅತ್ತೆಗೆ ಸ್ವಲ್ಪ ಬೇಜಾರು). ತುರಿಕೆ ನಿಂತಿದೆ, ಆದರೂ ಕೋರ್ಸ್ ಪೂರ್ತಿ ಮುಗಿಸುತ್ತೇನೆ.